ಹುಲ್ಲಿನ ಹೆಣಕ್ಕೆ ಹಿಡಿ ಮಣ್ಣು

ನಮ್ಮೂರಿನವರ ಶೌರ್ಯ ನೋಡಬೇಕಾದರೆ ಯುದ್ಧ ಮುಗಿಯುವವರೆಗೆ ಕಾಯಬೇಕು. ಈ ಸಲ ಗಡಿಯಲ್ಲಿ ಗುಂಡು ಹಾರುತ್ತಿದ್ದಷ್ಟು ದಿನ ಎಲ್ಲರೂ ಟಿ.ವಿ. ಮುಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಕದನ ನಿಂತಿತು ಅಂತ ಸುದ್ದಿ ಬಂದದ್ದೇ ತಡ, ಒಬ್ಬೊಬ್ಬರಿಗೂ ರೋಷ ಉಕ್ಕಿಬಂತು. ಮಿರ್ಲೆ ದಾಟಿ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಇಲ್ಲಿಂದ ಆ ಗಡಿಗೆ ರೈಲಿನಲ್ಲಿ ದಿನಗಟ್ಟಲೆ ಹೋಗಬೇಕು. ಇವರ ಧೈರ್ಯವೆಲ್ಲ ಆ ದೂರದ್ದೇ.

ನಾನು ಲಿಂಗರಾಜು. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದು, ಅಪ್ಪ ಬಿಟ್ಟುಹೋದ ಜಮೀನಿನಲ್ಲಿ ಭತ್ತ, ಒಂದಿಷ್ಟು ಹೊಗೆಸೊಪ್ಪು ಬೆಳೆದುಕೊಂಡಿದ್ದೇನೆ. ಹಿಂದೆ ಕಾರ್ಗಿಲ್ ಯುದ್ಧದಲ್ಲಿದ್ದೆ. ಊರಿನವರಿಗೆ ನಾನು ಬಾವುಟ ಹಾರಿಸುವ ದಿನ ಮಾತ್ರ ನೆನಪಾಗುತ್ತೇನೆ. ಅವತ್ತು ಶಾಲು ಹೊದಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆಮೇಲೆ ನನ್ನ ಗದ್ದೆಗೆ ಬರುವ ನೀರನ್ನೇ ತಮ್ಮ ಗದ್ದೆಗೆ ತಿರುಗಿಸಿಕೊಳ್ಳುತ್ತಾರೆ. ಇಂಥವರು ಬಂದು ದೇಶಪ್ರೇಮದ ಮಾತಾಡಿದರೆ ನನಗೆ ಮೈ ಉರಿಯುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸವೂ ನನಗಿಲ್ಲ.

ನನ್ನ ಎದುರು ಮನೆ ರಾಮಮ್ಮನದು. ಅವಳ ಒಬ್ಬನೇ ಮಗ ಗೌರೀಶ ನನ್ನ ಜೊತೆಯಲ್ಲೇ ಸೇನೆ ಸೇರಿದವನು. ಅದೇ ಕಾರ್ಗಿಲ್‌ನಲ್ಲಿ ಗಸ್ತಿಗೆ ಹೋದವನು ಹಿಂದಿರುಗಲಿಲ್ಲ. ಅವನು ಬಿದ್ದ ಇಳಿಜಾರು ಶತ್ರುಗಳ ಕೈಯಲ್ಲಿತ್ತು, ಹೆಣ ತರಲು ಆಗಲಿಲ್ಲ. ಆಮೇಲೆ ಹುಡುಕಿದಾಗ ಏನೂ ಸಿಗಲಿಲ್ಲ. ಸತ್ತಿದ್ದಾನೆ ಅಂತ ಸೇನೆಯವರು ಹೇಳಿದ ಮೇಲೆ ಊರಿನ ಹಿರಿಯರು ಪದ್ಧತಿ ಪ್ರಕಾರ ಹುಲ್ಲಿನಲ್ಲಿ ಆಳು ಮಾಡಿ, ಅವನ ಮಿಲಿಟರಿ ಅಂಗಿ ಪ್ಯಾಂಟು ತೊಡಿಸಿ, ಚಟ್ಟದ ಮೇಲೆ ಹೊತ್ತು, ಅವಳ ಹೊಲದಲ್ಲೇ ಮಣ್ಣು ಮಾಡಿದರು. ಮೊದಲ ಹಿಡಿ ಮಣ್ಣು ಹಾಕಿದ್ದು ತಾಯಿ. ಹುಲ್ಲಿಗೆ ಮಣ್ಣು ಹಾಕಿ ಬಂದ ಆ ಹೆಂಗಸಿಗೆ ಅಂದಿನಿಂದ ಒಂದೇ ಕೊರಗು: ಅಲ್ಲಿ, ನಿಜವಾದ ಮಗನ ಮೇಲೆ, ಯಾರಾದರೂ ಹಿಡಿ ಮಣ್ಣು ಹಾಕಿದರೋ ಇಲ್ಲವೋ.

ಅದನ್ನು ಕೇಳಿದಾಗಲೆಲ್ಲ ನಾವು ಮಾಡಿದ್ದನ್ನು ಅವಳಿಗೆ ಹೇಳುತ್ತಿದ್ದೆ. ಶತ್ರುಗಳ ಕಡೆಯ ಸತ್ತ ಹುಡುಗರು ನಮ್ಮ ಗುಡ್ಡದ ಮೇಲೆ ಬಿದ್ದಿದ್ದರು. ಅವರು ನಮ್ಮವರೇ ಅಲ್ಲ ಅಂತ ಅವರ ದೇಶವೇ ಕೈತೊಳೆದುಕೊಂಡಿತ್ತು. ನಾವು ಹೂತೆವು. ಕಲ್ಲುನೆಲ, ಗುದ್ದಲಿ ಇಳಿಯುತ್ತಿರಲಿಲ್ಲ. ಅವರ ಪ್ರಾರ್ಥನೆ ಗೊತ್ತಿದ್ದ ನಮ್ಮದೇ ಸೈನಿಕನೊಬ್ಬನನ್ನು ಕರೆಸಿದರು, ಅವನು ಓದಿ ಮುಗಿಸುವವರೆಗೂ ನಾವೆಲ್ಲ ತಲೆ ತಗ್ಗಿಸಿ ನಿಂತಿದ್ದೆವು. ಹಿಂದಿನ ದಿನ ಅದೇ ಹುಡುಗರು ನಮ್ಮ ಗೆಳೆಯರನ್ನು ಕೊಂದಿದ್ದರು. ಯಾರೂ ಒದೆಯಲಿಲ್ಲ, ಯಾರೂ ಉಗಿಯಲಿಲ್ಲ. ಯಾರಾದರೂ ಹಾಗೆ ಮಾಡಿದ್ದರೆ ನಮ್ಮ ಅಧಿಕಾರಿ ಅವನ ಚರ್ಮ ಸುಲಿಯುತ್ತಿದ್ದರು.

ಇನ್ನು ಮಹೇಂದ್ರನ ವಿಷಯ. ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟವನು. ಮುಂದಿನ ಪಂಚಾಯಿತಿ ಚುನಾವಣೆಯ ಮೇಲೆ ಕಣ್ಣು. ಊರಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಇವನ ಫ್ಲೆಕ್ಸ್ ಏಳುತ್ತದೆ. ಕದನ ನಿಂತ ಮೂರ್ನಾಲ್ಕು ದಿನಕ್ಕೆ ಒಂದಷ್ಟು ಜನರನ್ನು ಬೆನ್ನಿಗೆ ಕಟ್ಟಿಕೊಂಡು ನನ್ನ ಜಗಲಿಗೆ ಬಂದ.

"ಅವಲ್ದಾರಣ್ಣ, ಭಾನ್ವಾರ ವಿಜಯೋತ್ಸವ ಮಡಗಿವ್ನಿ. ಶತ್ರು ಸೈನಿಕನ್ದು ಅಣಕು ಶವಯಾತ್ರೆ. ಚಟ್ಟ, ತಮಟೆ, ಪುರಿ ಎರ್ಚೋದು, ಎಲ್ಲಾ ಒರಿಜಿನಲ್ಲಾಗೇ ಇರ್ಬೇಕು. ಊರೆಲ್ಲಾ ಚಪ್ಲೀಲಿ ಒಡೀತಾರೆ. ಆಮೇಲೆ ಟ್ರ್ಯಾಕ್ಟರ್‌ಗೆ ಕಟ್ಟಿ ಎಳ್ಕಂಡೋಗಿ ಕೆರೆ ತಾವ್ಲ ತಿಪ್ಪೇಲಿ ಸುಡೋದು. ಮೊದಲ್ನೇ ಒದೆ ಮಾತ್ರ ನಿಮ್ದೇ ಆಗ್ಬೇಕು."

"ಯಾರಿಗ್ಲಾ ಒದೆಯೋದು?"

"ಹೆಣಕ್ಕೆ ಕಣಣ್ಣ."

"ಬದುಕಿದ್ದೋರ ಮೇಲೆ ಗುಂಡು ಆರ್ಸಿವ್ನಿ ಮಹೇಂದ್ರ. ಸತ್ತೋರ್ಗೆ ಒದ್ದು ನಂಗೆ ಅಭ್ಯಾಸ ಇಲ್ಲ. ಅದ್ಕೆಲ್ಲಾ ನಿನ್ನಂಥ ವೀರರೇ ಬೇಕು."

ಅವನು ಹಲ್ಲು ಕಿರಿದ. ಹೊಗಳಿದೆ ಅಂದುಕೊಂಡನೋ ಏನೋ. ನಾವು ಅವರನ್ನು ಹೂತ ವಿಷಯವನ್ನು ಅವನಿಗೂ ಹೇಳಿದೆ. ಹಿಂದೆ ನಿಂತಿದ್ದವನೊಬ್ಬ, "ಊತ್ರಾ? ನಾಯಿ ನರಿಗ್ ಆಕೋದ್ ಬುಟ್ಟು ಊತ್ರಾ?" ಅಂದ. ಗದ್ದೆಯ ಬದುವಿನಲ್ಲಿ ಕೇರೆಹಾವು ಕಂಡು ಪಂಚೆ ಬಿಟ್ಟು ಓಡಿದ ಗಂಡಸು ಅವನು. ಬಾಗಿಲು ಹಾಕಿಕೊಂಡು ಒಳಗೆ ಹೋದೆ. ಹವಾಲ್ದಾರ ಮೆತ್ತಗಾಗಿದ್ದಾನೆ ಅಂತ ಅವತ್ತೇ ಊರೆಲ್ಲ ಸುದ್ದಿಯಾಯಿತು.

ಭಾನುವಾರ ಬೆಳಗ್ಗೆ ಅಂಗಡಿ ಮುಂದೆ ಶತ್ರು ತಯಾರಾದ. ಹುಲ್ಲು ಮಹೇಂದ್ರನ ಮೆದೆಯದೇ. ತಲೆಗೆ ಮಸಿ ಬಳಿದ ಕುಡಿಕೆ. ಬಟ್ಟೆ ಮಾತ್ರ ಕೃಷ್ಣರಾಜನಗರದ ಸಂತೆಯಿಂದ ತಂದದ್ದು, ಟ್ರ್ಯಾಕ್ಟರ್ ಓಡಿಸುವ ಹುಡುಗರು ಹಾಕಿಕೊಂಡು ತಿರುಗುವ ಹಸಿರು ಚುಕ್ಕೆಯ ಮಿಲಿಟರಿ ಅಂಗಿ. ಅದು ನಮ್ಮ ಸೇನೆಯ ಬಟ್ಟೆಯ ನಕಲು. ಶತ್ರುವಿನ ಬಟ್ಟೆ ಯಾವುದು, ನಮ್ಮದು ಯಾವುದು ಅನ್ನುವುದೂ ಗೊತ್ತಿಲ್ಲದ ದೇಶಭಕ್ತರು ನಮ್ಮ ಬಟ್ಟೆಗೇ ಚಪ್ಪಲಿ ಹಾರ ಹಾಕಿ ಜೈಕಾರ ಕೂಗಿದರು.

ತಮಟೆಗೆ ಸಣ್ಣಬೀರಯ್ಯನನ್ನು ಕರೆಸಿದ್ದರು. ನಮ್ಮ ಸುತ್ತಿನಲ್ಲಿ ಸಾವಾದರೆ ಬಡಿಯುವವನು ಅವನೇ.

"ಯಾವ ಬಡ್ತ ಬಡೀಲಪ್ಪ? ಅಬ್ಬದ್ದಾ, ಸಾವುಂದಾ?" ಅಂತ ಕೇಳಿದ.

"ಸಾವುಂದೇ ಬಡಿ. ಒರಿಜಿನಲ್," ಅಂದ ಮಹೇಂದ್ರ.

ಸಾವಿನ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವುದು ಕೆಂಡದ ಮಡಕೆ. ಮುಂದೆ ನಡೆಯುವವನೇ ಫೋಟೊದಲ್ಲಿ ಚೆನ್ನಾಗಿ ಬೀಳುವುದು. ಹಾಗಾಗಿ ಮಡಕೆಯನ್ನು ಬೇರೆಯವರಿಗೆ ಕೊಡಲು ಮಹೇಂದ್ರನಿಗೆ ಮನಸ್ಸು ಬರಲಿಲ್ಲ. ಹಗ್ಗ ಕಟ್ಟಿದ ಮಡಕೆಯನ್ನು ತಾನೇ ತೂಗಾಡಿಸಿಕೊಂಡು, ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಮುಂದೆ ಹೊರಟ. ಅವನ ಹೆಂಡತಿ ಪವಿತ್ರಾ ಮೊಬೈಲು ಹಿಡಿದು ಅವನೆದುರು ಹಿಮ್ಮುಖವಾಗಿ ನಡೆಯುತ್ತ ವಿಡಿಯೊ ತೆಗೆಯುತ್ತಿದ್ದಳು. ಆ ಮಡಕೆಯನ್ನು ಯಾರು ಹಿಡಿಯಬೇಕು, ಯಾಕೆ ಹಿಡಿಯಬೇಕು ಅನ್ನುವುದು ಹುಟ್ಟಿದ ಮಗುವಿಗೂ ಗೊತ್ತಿರುವ ಊರಿನಲ್ಲಿ ಒಬ್ಬನಿಗೂ ಆಗ ಅದು ಹೊಳೆಯಲಿಲ್ಲ. ಕ್ಯಾಮೆರಾ ಕಂಡರೆ ನಮ್ಮವರ ಬುದ್ಧಿ ಆ ಥರ ಕೈಕೊಡುತ್ತದೆ.

ಬೀದಿಯುದ್ದಕ್ಕೂ ಶೂರರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬನೂ ಚಪ್ಪಲಿ ಕಳಚಿ ಹುಲ್ಲಿಗೆ ಹೊಡೆಯುವುದು, ಹೊಡೆದು ಸುತ್ತ ನೋಡುವುದು, ಯಾರೂ ಫೋಟೊ ತೆಗೆದಿಲ್ಲ ಅಂತ ಗೊತ್ತಾದರೆ ಇನ್ನೊಂದು ಸಲ ಹೊಡೆಯುವುದು. ತಾಲ್ಲೂಕು ಕಚೇರಿಯ ಗುಮಾಸ್ತ ಗದರಿದರೆ ಕೈ ಮುಗಿದು ನಿಲ್ಲುವವರು ಅವತ್ತು ಕುಡಿಕೆಯ ಮುಖದ ಎದುರು ಎದೆ ಉಬ್ಬಿಸಿಕೊಂಡು ನಿಂತಿದ್ದರು. ವಯಸ್ಸಾದ ಹೆಂಗಸರು ಮಾತ್ರ ತಮಟೆಯ ಬಡಿತ ಕೇಳಿದ ಕೂಡಲೇ, ಯಾರ ಹೆಣ ಎಂದೂ ಕೇಳದೆ, ಎದ್ದು ಸೆರಗು ಹೊದ್ದು ನಿಂತರು. ಅದು ಅವರ ಮೈಗೆ ಬಂದ ಅಭ್ಯಾಸ.

ಮೆರವಣಿಗೆ ನಮ್ಮ ಮನೆ ಹತ್ತಿರ ಬಂತು. ನಾನು ಜಗಲಿಯಲ್ಲೇ ಕೂತಿದ್ದೆ. ಎದುರಿಗೆ ಸೊಪ್ಪು ಸೋಸುತ್ತಿದ್ದ ರಾಮಮ್ಮ ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ನೇರವಾಗಿ ಬೀದಿ ನಡುವೆ ಬಂದು ನಿಂತಳು.

"ಇಳಿಸ್ರಲಾ," ಅಂದಳು.

ಹೊತ್ತವರು ಇಳಿಸಿಬಿಟ್ಟರು. ದೊಡ್ಡ ಹೆಂಗಸು ಹೇಳಿದರೆ ಚಟ್ಟ ಇಳಿಸುವುದು ಅವರಿಗೂ ಅಭ್ಯಾಸ. ಅವಳು ಕುಕ್ಕರಗಾಲಲ್ಲಿ ಕೂತು ಚಪ್ಪಲಿ ಹಾರ ತೆಗೆದು ಚರಂಡಿಗೆಸೆದಳು. ಏಟು ಬಿದ್ದು ತೋಳಿನಿಂದ ಹೊರಗೆ ಬಂದಿದ್ದ ಹುಲ್ಲನ್ನು ಒಳಗೆ ತುರುಕಿ ಅಂಗಿಯ ಗುಂಡಿ ಹಾಕಿದಳು. ನನಗೆ ಕೂತಿರಲು ಆಗಲಿಲ್ಲ. ಇಳಿದುಹೋಗಿ ಅವಳ ಹಿಂದೆ ನಿಂತೆ.

"ನನ್ ಮಗನೂ ಇಂಗೇ ಮಲ್ಗಿದ್ದ," ಅಂದಳು. "ಇದೇ ಬಟ್ಟೆ. ಇದೇ ಹುಲ್ಲು."

ಜೈಕಾರ ನಿಂತಿತು. ಮಹೇಂದ್ರ ಮಡಕೆ ಹಿಡಿದುಕೊಂಡೇ ಹಿಂದೆ ತಿರುಗಿ ಬಂದ. "ರಾಮವ್ವ, ಇದು ಗೌರೀಶಣ್ಣನ್ನ ಕೊಂದೋರ ಪೈಕಿ ಕಣವ್ವ. ನಿಂಗೋಸ್ಕರಾನೇ ಇದೆಲ್ಲಾ ಮಾಡ್ತಿರೋದು."

"ನಂಗೋಸ್ಕರಾನಾ? ನಾನ್ ಯಾವತ್ ಕೇಳಿದ್ನಪ್ಪ? ಕೊಂದೋನಾದ್ರೆ ಕೊಂದೋನು. ಈಗ ಸತ್ತವ್ನಲ್ಲ. ಎಲ್ಲಿಗ್ ತಕ್ಕೋಯ್ತಿದ್ದೀರಿ?"

"ತಿಪ್ಪೆಗೆ."

"ಚಟ್ಟ ಕಟ್ಟಿ, ಸಾವ್ ಬಡ್ತ ಬಡ್ದು, ಪುರಿ ಎರ್ಚಿ, ತಿಪ್ಪೆಗಾ? ಮಣ್ಣಿಗ್ ಹೊಂಟೋರ್ನ ಮಣ್ಣೇ ಮಾಡ್ಬೇಕು ಕಣ್ಲಾ. ಊರಿಗ್ ಊರೇ ಬೀದೀಲಿದ್ದೀರಿ, ಒಬ್ರಿಗೂ ಗ್ಯಾನ ಬ್ಯಾಡ್ವಾ?" ಅವಳು ಸುತ್ತಲೂ ನೋಡಿ, ಕಡೆಗೆ ಮಡಕೆಯ ಮೇಲೆ ಕಣ್ಣು ನಿಲ್ಲಿಸಿದಳು. "ಹೋಗ್ಲಿ, ಈ ಹೆಣದ ಮಗ ಯಾರು?"

ಯಾರೋ ಕಿಸಕ್ಕನೆ ನಕ್ಕರು.

"ನಗಾಕೇನೈತೆ? ಮಡಕೆ ಇಡ್ದಿರೋನೇ ಮಗ ತಾನೇ? ನೀನೇ ಅಲ್ವೇನ್ಲಾ ಮಹೇಂದ್ರ?"

ನಗು ಅಲ್ಲಿಗೇ ಸತ್ತಿತು. ಮಗನ ವೈಭವ ನೋಡಲು ಅಶ್ವತ್ಥಕಟ್ಟೆಯ ಮೇಲೆ ಕೂತಿದ್ದ ಮಹೇಂದ್ರನ ಅಪ್ಪ ಮಂಚಯ್ಯ, ಆ ಮಾತು ಕಿವಿಗೆ ಬಿದ್ದದ್ದೇ ಊರುಗೋಲು ಎತ್ತಿಕೊಂಡು ಎದ್ದ.

"ಲೇ ಬಡ್ಡೆತ್ತದೇ! ನಾನಿನ್ನೂ ಉಸ್ರಾಡ್ತಾ ಕುಂತಿವ್ನಲ್ಲೋ! ಯಾವಪ್ಪ ಸತ್ತ ಅಂತ ಮಡಕೆ ಇಡ್ಕಂಡಿದ್ದೀಯೋ?"

ಪವಿತ್ರಾ ಮೊಬೈಲು ಸೊಂಟಕ್ಕೆ ಸಿಕ್ಕಿಸಿ ಎದೆ ಬಡಿದುಕೊಂಡಳು. "ರೀ, ಕೆಳಕ್ ಮಡಗ್ರೀ, ಮೊದ್ಲು ಕೆಳಕ್ ಮಡಗ್ರೀ!"

"ಮಡಗ್ಬ್ಯಾಡ ಕಣೋ! ನಡುದಾರೀಲಿ ಮಡಗಿದ್ರೆ ದೆವ್ವ ಮನೇಗೇ ವಾಪಸ್ ಬತ್ತದೆ," ಅಂತ ಜಗಲಿಗಳ ಮೇಲಿನ ಮುದುಕಿಯರು ಒಟ್ಟಿಗೆ ಕೂಗಿದರು. ಕೆಂಡದ ಮಡಕೆಯನ್ನು ಗುಂಡಿಯ ಹತ್ತಿರವೇ ಒಡೆಯಬೇಕು, ಅದೂ ಮಣ್ಣಾದ ಮೇಲೆ. ಅದು ಮಹೇಂದ್ರನಿಗೂ ಗೊತ್ತು. ಇಳಿಸುವ ಹಾಗಿಲ್ಲ, ಹಿಡಿಯುವ ಹಾಗೂ ಇಲ್ಲ. ಆ ಕಡೆ ಈ ಕಡೆ ನೋಡಿ, "ಯಾರಾದ್ರೂ ವಸಿ ಇಡ್ಕಳ್ರೋ" ಅಂತ ಅಂಗಲಾಚಿದ. ಅದುವರೆಗೂ ಅವನ ಹೆಗಲಿಗೆ ಹೆಗಲು ತಾಗಿಸಿ ನಡೆದಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಶತ್ರು ದೇಶವನ್ನೇ ಭೂಪಟದಿಂದ ಅಳಿಸುತ್ತೇನೆ ಅಂದವನು ಒಂದು ಮಡಕೆ ಹಿಡಿದುಕೊಂಡು ಬೆವರುತ್ತಿದ್ದ. ನಾನು ನಕ್ಕೆ. ಜೋರಾಗಿಯೇ ನಕ್ಕೆ. ಬೀದಿ ಕೊನೆಯಲ್ಲಿ ಕಾಯುತ್ತಿದ್ದ ಟ್ರ್ಯಾಕ್ಟರಿನವನು ಸದ್ದಿಲ್ಲದೆ ಹಿಂದಕ್ಕೆ ತಿರುಗಿಸಿಕೊಂಡು ಹೋಗೇಬಿಟ್ಟ.

ಮಣ್ಣು ಮಾಡಲೇಬೇಕು ಅಂತಾಯಿತು. ಎಲ್ಲಿ? ಮಹೇಂದ್ರನಿಗೆ ನಾಲೆ ಪಕ್ಕದಲ್ಲೇ ಜಮೀನಿದೆ. "ನಮ್ ಜಮೀನ್ಲಾ? ಬೋರ್‌ವೆಲ್ ತಾವ? ಬ್ಯಾಡ ಬ್ಯಾಡ," ಅಂದ. ಇನ್ನೊಬ್ಬನದು ಪಾಲಾಗದ ಜಮೀನು, ಅಣ್ಣ ಒಪ್ಪುವುದಿಲ್ಲ. ಮತ್ತೊಬ್ಬ ಆಗತಾನೆ ಹೊಗೆಸೊಪ್ಪಿನ ಸಸಿ ನೆಟ್ಟಿದ್ದಾನೆ. ಒಂದಿಂಚು ನೆಲವನ್ನೂ ಬಿಟ್ಟುಕೊಡೆವು ಅಂತ ಬೆಳಗ್ಗೆಯಿಂದ ಗಂಟಲು ಹರಿಯುವ ಹಾಗೆ ಕೂಗಿದ್ದರು. ಪಾಪ, ಮಾತಿಗೆ ತಪ್ಪಲಿಲ್ಲ.

"ನನ್ ಹೊಲ್ದಲ್ಲಿ ಜಾಗ ಅದೆ," ಅಂದಳು ರಾಮಮ್ಮ. "ನನ್ ಮಗನ್ ಪಕ್ದಲ್ಲಿ."

ಯುದ್ಧದಲ್ಲಿ ಬಹಳ ದೊಡ್ಡ ದೊಡ್ಡ ಮಾತು ಕೇಳಿದ್ದೇನೆ, ಪದಕ ಕೊಡುವಾಗ ಇನ್ನೂ ದೊಡ್ಡವು. ಇದರ ಮುಂದೆ ಅವು ಯಾವುದೂ ನಿಲ್ಲುವುದಿಲ್ಲ. ಬಾಗಿ ಚಟ್ಟದ ಒಂದು ಕೊನೆಗೆ ನಾನೇ ಹೆಗಲು ಕೊಟ್ಟೆ. ಆಗ ಮಿಕ್ಕ ಮೂರು ಕೊನೆಗೂ ಜನ ಬಂದರು. ಸಣ್ಣಬೀರಯ್ಯ ಬಡಿತ ಶುರು ಮಾಡಿದ. ಈ ಸಲ ಯಾರೂ ಕೂಗಲಿಲ್ಲ.

ಗೌರೀಶನ ದಿಣ್ಣೆಯ ಪಕ್ಕದಲ್ಲಿ ನಾನೂ ಸಣ್ಣಬೀರಯ್ಯನೂ ಗುಂಡಿ ತೋಡಿದೆವು. ಮಿಕ್ಕವರು ಬದುವಿನ ಮೇಲೆ ಸಾಲಾಗಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಹುಲ್ಲಿನ ಆಳನ್ನು ಇಳಿಸಿದ ಮೇಲೆ ಮೊದಲ ಹಿಡಿ ರಾಮಮ್ಮ ಹಾಕಿದಳು. ಆಮೇಲೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. ಬಂದರು, ಕಣ್ಣು ಬೇರೆ ಕಡೆ ಮಾಡಿ ಮಣ್ಣು ಎಸೆದರು, ಓಡಿದರು. ಮನಸ್ಸು ಕರಗಿ ಹಾಕಿದರು ಅಂತ ಬರೆದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಹಾಕಿದ್ದು ದೆವ್ವದ ಭಯಕ್ಕೆ. ಸತ್ತವನ ಮರ್ಯಾದೆ ಅನ್ನುವುದು ಅವರ ತಲೆಯೊಳಗೆ ಇಳಿಯಲೇ ಇಲ್ಲ. ಮಹೇಂದ್ರ ಮಡಕೆ ಒಡೆದವನೇ ಹಿಂದೆ ನೋಡದೆ ಮೀಯಲು ಪಂಪ್‌ಸೆಟ್ಟಿನ ಕಡೆ ಓಡಿದ. ಮಾರನೆಯ ದಿನ ಮಂಚಯ್ಯ ಎಳೆದುಕೊಂಡು ಹೋಗಿ ಅವನ ತಲೆ ಬೋಳಿಸಿದ್ದು, ಅವನು ಅದನ್ನು ತಿರುಪತಿ ಹರಕೆ ಅಂತ ಹೇಳಿಕೊಂಡು ತಿರುಗಿದ್ದು, ಫ್ಲೆಕ್ಸಿನಲ್ಲಿ ಮಾತ್ರ ಕ್ರಾಪು ಹಾಗೇ ಇದ್ದದ್ದು ಆಮೇಲಿನ ಮಾತು.

ನಾನು ಕೈಯ ಮಣ್ಣು ಒರೆಸಿಕೊಂಡು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದೆ. ಹುಲ್ಲಿಗೇ ಹೊಡೆದೆ. ಬದುವಿನ ಮೇಲೆ ಉಳಿದಿದ್ದ ಒಬ್ಬಿಬ್ಬರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಹೋದರು. ಸಣ್ಣಬೀರಯ್ಯ ತಮಟೆ ಹೆಗಲಿಗೆ ಹಾಕಿಕೊಂಡು, "ಬತ್ತೀನಿ ರಾಮವ್ವ" ಅಂತ ಹೇಳಿ ಹೊರಟ.

ಹೊಲದಲ್ಲಿ ನಾವಿಬ್ಬರೇ ಉಳಿದೆವು. ರಾಮಮ್ಮ ಹೊಸ ದಿಣ್ಣೆಯ ಹೆಂಟೆಗಳನ್ನು ಕೈಯಲ್ಲೇ ಒಡೆದು ಸಮ ಮಾಡುತ್ತ ಕೂತಿದ್ದಳು. ಅಷ್ಟರಲ್ಲಿ ಊರಿನ ಕಡೆಯಿಂದ ಪಟಾಕಿ ಸಿಡಿಯಿತು. ಮೈಗೆ ನೀರು ಬಿದ್ದದ್ದೇ ಅವರ ಭಯ ಬಿಟ್ಟುಹೋಗಿತ್ತು. ಮೈಕಿನಲ್ಲಿ ಯಾರೋ, ಶತ್ರುಗಳ ಹೆಣಗಳನ್ನು ನಾಯಿಗೆ ಹಾಕಬೇಕು ಅಂತ ಕಿರುಚುತ್ತಿದ್ದ. ಕೆಳಗೆ ಶಿಳ್ಳೆ, ಚಪ್ಪಾಳೆ. ಬಿರಿಯಾನಿಯ ದೊಡ್ಡ ಪಾತ್ರೆ ಬೆಳಗ್ಗೆಯೇ ಒಲೆ ಮೇಲೆ ಕೂತಿತ್ತು. ಅದನ್ನು ಬಿಟ್ಟು ಇವರು ದುಃಖದಲ್ಲಿ ಕೂರುತ್ತಾರೆಯೇ?

"ಲಿಂಗರಾಜು," ಅಂದಳು ರಾಮಮ್ಮ, ತಲೆ ಎತ್ತದೆ. "ನನ್ ಗೌರೀಶ ಬಿದ್ದಿದ್ ಕಡೆ ಇರೋ ಜನ ಎಂಥೋರು ಮಗಾ?"

ಅವಳಿಗೆ ಸಮಾಧಾನ ಆಗಲಿ ಅಂತಲೇ ನಾನು ಅಂದದ್ದು: "ಅವ್ರೂ ನಮ್ಮಂಥೋರೇ ಕಣವ್ವ."

ಅವಳ ಕೈ ನಿಂತಿತು. ಮೈಕಿನ ಸದ್ದು ಬರುತ್ತಿದ್ದ ಕಡೆ ಸ್ವಲ್ಪ ಹೊತ್ತು ನೋಡಿದಳು.

"ಅದೇ ಕಣ್ ಮಗಾ, ನಂಗೆ ಭಯ," ಅಂದಳು.